ಇಪ್ಪತ್ತಾರು ಬೆಳೆ, ಮೇಲೆರಡು ದಿನ

ಆಗೋ ಮಾತಲ್ಲ ಅಂತ ಮೊದಲು ಹೇಳಿದವರು ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ. ಬೆನ್ನ ಹಿಂದೆ ಹೇಳಲಿಲ್ಲ. ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತಾ, ನನ್ನ ಮುಖ ನೋಡಿಕೊಂಡೇ ಹೇಳಿದರು.

"ನಮ್ಮನೇಲಿ ಡಿಗ್ರಿ ಅನ್ನೋದು ಆಗೋ ಮಾತಲ್ಲ ಕಣಮ್ಮಿ. ಗಂಡೈಕ್ಳೇ ಎಸ್ಸೆಸ್ಸೆಲ್ಸಿ ತಾವ ಕೈಯೆತ್ತವ್ರೆ. ನೀನ್ಯಾವ ಡಿಗ್ರಿ ತಂದೀಯೆ?"

ನನಗೆ ಆಗ ಹದಿನೇಳು. ಸಿಟ್ಟು ಬಂತು ಎಂದು ಬರೆದರೆ ಚೆಂದ ಕಾಣುತ್ತದೆ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ರಾಮನಗರದಲ್ಲಿ ಮೂರೂವರೆ ವರ್ಷ ನರ್ಸಿಂಗ್ ಓದಿ ಮುಗಿಸಿ ಬಂದಾಗ ದೊಡ್ಡಪ್ಪ ಕನಕಪುರಕ್ಕೆ ಹೋಗಿ ಯಾರೋ ಮೇಷ್ಟರನ್ನು ವಿಚಾರಿಸಿಕೊಂಡು ಬಂದು, "ಅದು ಡಿಪ್ಲೊಮಾ ಅಂತೆ, ಡಿಗ್ರಿ ಅಲ್ವಂತೆ" ಎಂದು ಊರಿಗೆಲ್ಲ ಹಂಚಿದರು. ಅವರು ಹೇಳಿದ್ದು ಸುಳ್ಳಲ್ಲವಲ್ಲ, ಹಾಗಾಗಿ ಜಗಳವಾಡುವ ಹಾಗೂ ಇರಲಿಲ್ಲ.

ಆ ಡಿಪ್ಲೊಮಾ ಹಿಡಿದು ನಾನು ಕೆನಡಾಕ್ಕೆ ಹೋದೆ. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ. ಎತ್ತುವುದು, ಕೂರಿಸುವುದು, ಮೈ ಒರೆಸುವುದು, ಅನ್ನದ ಬದಲು ಗಂಜಿಯಂಥದ್ದೇನೋ ಚಮಚದಲ್ಲಿ ತಿನ್ನಿಸುವುದು. ಕೆಲವು ವರ್ಷಕ್ಕೆ ಅಲ್ಲಿ ಕಾಯಂ ವಾಸಿ ಎಂದು ಸರ್ಕಾರ ಒಪ್ಪಿಕೊಂಡಿತು. ಆಮೇಲೆ ಕೆಲಸದ ಜೊತೆಗೇ ಡಿಗ್ರಿಗೆ ಸೇರಿದೆ. ಬಸ್ಸಿನಲ್ಲಿ ಓದಿದೆ, ಬಟ್ಟೆ ಒಗೆಯುವ ಮಷಿನ್ ಮುಂದೆ ಕೂತು ಓದಿದೆ. ಎಲ್ಲ ಪೇಪರೂ ಪಾಸಾಗಿ, ಕೊನೆಗೆ ಹನ್ನೆರಡು ವಾರದ ವಾರ್ಡ್ ತರಬೇತಿ ಒಂದೇ ಉಳಿಯಿತು. ಅದು ಇಂಥ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಶುರು, ಆ ದಿನ ಬಾರದವರ ಜಾಗ ಬೇರೆಯವರಿಗೆ, ಮತ್ತೆ ಬೇಕಾದರೆ ಮುಂದಿನ ವರ್ಷ ನೋಡೋಣ ಎಂದು ಕಾಲೇಜಿನವರು ಮೊದಲೇ ಬರೆದು ತಿಳಿಸಿದ್ದರು.

ಅಷ್ಟರಲ್ಲಿ ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್‌ಗೆ ನಾನು ಜೊತೆಗಿರಬೇಕು ಎಂದು ಹಟ ಹಿಡಿದಳು. ತರಬೇತಿಗೆ ಮುಂಚೆ ಐದು ವಾರ ಬಿಡುವಿತ್ತು. ಊರಿಗೆ ಬಂದೆ.

ನಮ್ಮದು ಕೋಡಿಹಳ್ಳಿ ಕಡೆಯ ಒಂದು ಹಳ್ಳಿ. ರಾಗಿ ಊಟಕ್ಕೆ, ರೇಷ್ಮೆ ಬದುಕಿಗೆ. ನಾನು ಬಂದ ಸುದ್ದಿ ಗೊತ್ತಾದ ಮೇಲೆ ಮನೆಗೆ ಬಂದು ಹೋಗುವವರು ನಿಲ್ಲಲಿಲ್ಲ. ವಿರೂಪಾಕ್ಷಿಪುರದಿಂದ ಅವ್ವನ ತವರಿನವರು ಒಂದು ಆಟೋ ತುಂಬ ಬಂದರು. ಎಲ್ಲರಿಗೂ ನನ್ನ ಕಾರ್ಡು ನೋಡಬೇಕು. ಕಾಯಂ ವಾಸಿಗೆ ಕೊಡುವ ಪ್ಲಾಸ್ಟಿಕ್ ಕಾರ್ಡು ಅದು. ನನ್ನ ಪಾಸ್‌ಪೋರ್ಟು ನಮ್ಮ ದೇಶದ್ದೇ. ವಾಪಸ್ ಹೋಗುವಾಗ ವಿಮಾನ ಹತ್ತಿಸಬೇಕಾದರೆ ಪಾಸ್‌ಪೋರ್ಟಿನ ಜೊತೆ ಆ ಕಾರ್ಡು ತೋರಿಸಬೇಕು. ತೋರಿಸದಿದ್ದರೆ ಹತ್ತಿಸುವುದಿಲ್ಲ, ಅಷ್ಟೇ.

"ಇದೇನಾ ಅವ್ರ ರೇಷನ್ ಕಾರ್ಡು?" ಎಂದರು ಸೋದರತ್ತೆ.

"ಇದ್ರಲ್ಲಿ ಅಕ್ಕಿ ಕೊಟ್ಟಾರಾ?" ಎಂದು ಇನ್ನೊಬ್ಬರು.

ಕೈಯಿಂದ ಕೈಗೆ ಹೋಗಿ, ಒಂದು ಸಲ ಚಕ್ಕುಲಿ ತಟ್ಟೆಯೊಳಗೆ ಸಿಕ್ಕಿತು. ನನಗೆ ಹೆದರಿಕೆಯಾಗಿ ಅವ್ವನ ಕೈಗೆ ಕೊಟ್ಟು, "ಎಲ್ಲಾದ್ರೂ ಭದ್ರವಾಗಿ ಮಡಗವ್ವ" ಎಂದೆ. ಬ್ಯಾಂಕಿನ ಪಾಸ್‌ಬುಕ್ಕಿನಿಂದ ಹಿಡಿದು ಬೀಜದ ರಾಗಿಯವರೆಗೆ ನಮ್ಮ ಮನೆಯಲ್ಲಿ ಯಾವುದನ್ನು ಭದ್ರ ಮಾಡಬೇಕಾದರೂ ಅವ್ವನೇ. ಆ ಮಾತು ಆಡಿದವಳು ನಾನು. ಮುಂದೆ ಆದದ್ದರಲ್ಲಿ ನನ್ನ ಪಾಲನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅವ್ವ ಕಾರ್ಡನ್ನು ಹುಳಮನೆಯಲ್ಲಿಟ್ಟಳು.

ರೇಷ್ಮೆ ಸಾಕದವರಿಗೆ ಇದು ಹುಚ್ಚುತನವಾಗಿ ಕಾಣಬಹುದು. ಸಾಕುವವರಿಗೆ ಅದರಷ್ಟು ಭದ್ರವಾದ ಜಾಗ ಇನ್ನೊಂದಿಲ್ಲ. ಹುಳಮನೆಯೊಳಗೆ ಹೊರಗಿನವರು ಕಾಲಿಡುವ ಹಾಗಿಲ್ಲ. ನೆಂಟರಾಗಲಿ, ಊರ ಯಜಮಾನನಾಗಲಿ, ಬಾಗಿಲಲ್ಲೇ ನಿಲ್ಲಬೇಕು. ಮನೆಯವರೂ ಕೈಕಾಲು ತೊಳೆದು, ಹೊಸ್ತಿಲಿನ ಸುಣ್ಣ ಮೆಟ್ಟಿಯೇ ಒಳಗೆ ಹೋಗಬೇಕು. ಯಾರದ್ದೋ ಕಾಲಿನಲ್ಲಿ ರೋಗ ಬಂದರೆ ಇಡೀ ಬೆಳೆ ಹೋಯಿತು. ಅವ್ವ ಕಾರ್ಡನ್ನು ಹಳೆ ನ್ಯೂಸ್‌ಪೇಪರಿನಲ್ಲಿ ಮಡಿಸಿ, ಹುಳ ಸಾಕುವ ತಟ್ಟೆಗಳ ಸ್ಟ್ಯಾಂಡಿನಲ್ಲಿ ಮೇಲಿನ ಅಂಕಣದ ಖಾಲಿ ತಟ್ಟೆಯಲ್ಲಿ ಹಾಸಿದ್ದ ಪೇಪರಿನ ಅಡಿಗಿಟ್ಟಳು. ಯಾರಿಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಹೇಳಿದರೆ ಅದು ಭದ್ರ ಹೇಗಾಗುತ್ತದೆ?

ಹುಳ ಹಣ್ಣಾದವು, ಬಿದಿರು ಹೆಣೆದ ಚಂದ್ರಿಕೆಗೆ ಹತ್ತಿದವು, ಗೂಡು ಕಟ್ಟಿದವು. ಗೂಡು ಬಿಡಿಸುವ ಹೊತ್ತಿಗೆ ಅವ್ವನ ಆಪರೇಷನ್ ದಿನ ಬಂತು. ನಾನು ಅವಳನ್ನು ರಾಮನಗರಕ್ಕೆ ಕರೆದುಕೊಂಡು ಹೋದೆ. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿ, ದೂಳು, ಹೊಗೆ, ಸೊಪ್ಪು ಯಾವುದರ ಹತ್ತಿರವೂ ಬಿಡಬೇಡಿ ಎಂದು ಹೇಳಿ ಕಳಿಸಿದರು. ಹಾಗಾಗಿ ಆ ಸಲ ಹುಳಮನೆ ತೊಳೆಯುವ ಕೆಲಸ ಅಪ್ಪ ಒಬ್ಬರದೇ ಆಯಿತು. ಪ್ರತಿ ಬೆಳೆಗೂ ಅವ್ವನೇ ಮಾಡುತ್ತಿದ್ದ ಕೆಲಸ.

ಒಂದು ಬೆಳೆಯ ಪೇಪರು ಇನ್ನೊಂದು ಬೆಳೆಗೆ ಉಳಿಯಬಾರದು. ಸುಣ್ಣಕಟ್ಟು ರೋಗ ಅದರಲ್ಲೇ ಕೂತಿರುತ್ತದೆ. ಹುಳ ಬಿದ್ದ ತಟ್ಟೆಯದಾಗಲಿ, ಖಾಲಿ ತಟ್ಟೆಯದಾಗಲಿ, ಎಲ್ಲವನ್ನೂ ಒಟ್ಟಿಗೆ ಬಾಚಿ, ಗುಂಡಿಗೆ ಹಾಕಿ, ಬೆಂಕಿ ಕೊಡಬೇಕು. ಬಿಚ್ಚಿ ನೋಡುತ್ತಾ ಕೂರುವುದೂ ತಪ್ಪೇ, ದೂಳು ಹಾರುತ್ತದೆ. ನಮ್ಮ ಮನೆಯಲ್ಲಿ ನಲವತ್ತು ವರ್ಷದಿಂದ ನಡೆದುಬಂದಂತೆಯೇ ಅಪ್ಪ ಮಾಡಿದರು. ಒಂದು ಚೂರೂ ಬಿಡದೆ ಮಾಡಿದರು.

ಮೂರನೇ ದಿನ, ಒಂದು ಭಾನುವಾರ, ಅವ್ವ ಜಗಲಿಯ ಮೇಲೆ ಕೂತು ಮೂಗೆಳೆದುಕೊಂಡು ಕೇಳಿದಳು, "ಬ್ಲೀಚಿಂಗ್ ವಾಸ್ನೆ ಬತ್ತೈತೆ. ಹುಳಮನೆ ತೊಳುದ್ರಾ?"

"ತೊಳ್ದಾಯ್ತು," ಎಂದರು ಅಪ್ಪ.

"ಮೇಲಿನ ತಟ್ಟೆ ಪೇಪ್ರು?"

"ಸುಟ್ಟಾಯ್ತು."

ಅವ್ವ ಪಟ್ಟಿ ಕಟ್ಟದ ಒಂದು ಕಣ್ಣಿನಿಂದ ನನ್ನನ್ನು ನೋಡಿದಳು. ನನಗೆ ಅರ್ಥವಾಯಿತು. ಆಪರೇಷನ್ ಆದ ಕಣ್ಣು, ಅಳಬಾರದು; "ಅಳ್‌ಬೇಡವ್ವ, ಹೊಲಿಗೆ ಐತೆ" ಎಂದು ನಾನು ಕೂಗಿದ್ದೊಂದು ನೆನಪಿದೆ. ಹೊಲಿಗೆ ಹಾಕಿರಲೇ ಇಲ್ಲ. ನರ್ಸ್ ಆದವಳಿಗೆ ಅಷ್ಟೂ ತಲೆ ಓಡಲಿಲ್ಲ.

ಅಪ್ಪ ಗುಂಡಿಗಿಳಿದು ಬೂದಿಯನ್ನು ಜರಡಿ ಹಿಡಿದರು. ಮಧ್ಯಾಹ್ನದ ಊಟಕ್ಕೆ ಕರೆದರೂ ಬರಲಿಲ್ಲ. ಕೊನೆಗೆ ಹೆಬ್ಬೆರಳ ಉಗುರಿನಷ್ಟು ದೊಡ್ಡದು, ಕರಗಿ ಮುರುಟಿದ ಒಂದು ತುಂಡು ತಂದು ನನ್ನ ಅಂಗೈಗಿಟ್ಟರು. ಅದರ ಒಂದು ಅಂಚಿನಲ್ಲಿ ಎರಡು ಅಂಕಿ ಓದುವ ಹಾಗಿತ್ತು.

"ಇಷ್ಟು ಸಾಲ್ದಾ?" ಎಂದು ಕೇಳಿದರು.

ವಿಮಾನಕ್ಕೆ ಹನ್ನೊಂದು ದಿನ ಉಳಿದಿತ್ತು.

ದೊಡ್ಡಪ್ಪನಿಗೆ ಸುದ್ದಿ ಮುಟ್ಟಲು ಹತ್ತು ನಿಮಿಷ ಸಾಕಾಯಿತು. "ಆಯ್ತು ಬುಡು," ಎಂದರು. "ಅವ್ರು ಕೊಟ್ಟಿದ್ದು ಒಂದೇ ಕಾರ್ಡು, ಇವ್ನು ಸುಟ್ಟಿದ್ದೂ ಒಂದೇ ಕಾರ್ಡು. ಇನ್ ಮ್ಯಾಲೆ ನೀನು ಅಲ್ಲಿಗೆ ಓಗಂಗಿಲ್ಲ, ಡಿಗ್ರಿನೂ ಬರಂಗಿಲ್ಲ. ನಾನು ಏಳಿರ್ನಿಲ್ವಾ? ಕನಕಪುರದಲ್ಲೇ ಯಾವ್ದಾದ್ರೂ ಆಸ್ಪತ್ರೆ ಸೇರ್ಕೊ."

ಇಂಥದ್ದಕ್ಕೂ ಒಂದು ದಾರಿ ಇದೆ ಎಂಬುದು ನನಗೆ ಆವತ್ತು ಫೋನಿನಲ್ಲಿ ಓದಿಯೇ ಗೊತ್ತಾದದ್ದು. ಹೊರದೇಶದಲ್ಲಿದ್ದಾಗ ಕಾರ್ಡು ಕಳೆದ, ಹಾಳಾದ ಕಾಯಂ ವಾಸಿಗಳಿಗೆ ವಾಪಸ್ ಬರುವುದಕ್ಕೆಂದೇ ಟ್ರಾವೆಲ್ ಡಾಕ್ಯುಮೆಂಟ್ ಎಂಬ ಒಂದು ಕಾಗದ ಕೊಡುತ್ತಾರೆ. ಹೊಸ ಕಾರ್ಡನ್ನು ಇಲ್ಲಿಗೆ ಕಳಿಸುವುದಿಲ್ಲ. ಈ ಕಾಗದವನ್ನು ಪಾಸ್‌ಪೋರ್ಟಿಗೆ ಅಂಟಿಸಿ ಕೊಡುತ್ತಾರೆ, ಅದನ್ನು ತೋರಿಸಿ ವಿಮಾನ ಹತ್ತಬೇಕು, ಅಲ್ಲಿ ಹೋದ ಮೇಲೆ ಹೊಸ ಕಾರ್ಡಿಗೆ ಹಾಕಬೇಕು. ಅರ್ಜಿಯ ಜೊತೆ ಪಾಸ್‌ಪೋರ್ಟಿನ ಪುಟಗಳು, ಫೋಟೋ, ಕಾರ್ಡು ಏನಾಯಿತು ಎಂಬ ವಿವರಣೆ, ಬೇಗ ಬೇಕಾದರೆ ಯಾಕೆ ಬೇಗ ಎಂಬ ಕಾಗದ. ಎಲ್ಲಕ್ಕಿಂತ ಮುಖ್ಯವಾಗಿ, ಐದು ವರ್ಷದಲ್ಲಿ ಏಳುನೂರ ಮೂವತ್ತು ದಿನ ಆ ದೇಶದ ನೆಲದ ಮೇಲೆ ಇರಲೇಬೇಕೆಂಬ ಲೆಕ್ಕದಲ್ಲಿ ನಾನು ಎಷ್ಟು ದಿನ ಇದ್ದೇನೆ ಎಂಬುದಕ್ಕೆ ಸಾಕ್ಷಿ.

ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಬೆಳಿಗ್ಗೆಯಿಂದ ತಲೆ ಎತ್ತದವರು ದಿನದ ಲೆಕ್ಕ ಎಂದೊಡನೆ ಎತ್ತಿದರು.

"ಏಳ್ನೂರ ಮೂವತ್ತಾ? ಅಂದ್ರೆ ಇಪ್ಪತ್ತಾರು ಬೆಳೆ, ಮೇಲೆರಡು ದಿನ."

ಮೊಟ್ಟೆಯೊಡೆದು ಹುಳ ಬಂದು ಗೂಡಾಗುವವರೆಗೆ ಇಪ್ಪತ್ತೆಂಟು ದಿನ ಎಂಬುದು ಅಪ್ಪನ ಅಳತೆ. ಊರಿನ ಮದುವೆ, ಬಾಣಂತನ, ಎಮ್ಮೆ ಈಯುವುದು, ಎಲ್ಲವನ್ನೂ ಅವರು ಬೆಳೆಯಲ್ಲೇ ಅಳೆಯುತ್ತಾರೆ. ನಾನು ಹೋದ ದಿನ, ನಡುವೆ ಒಂದು ಮದುವೆಗೆಂದು ಬಂದು ಹೋದ ದಿನ, ಈಗ ಬಂದ ದಿನ, ಎಲ್ಲ ಗೋಡೆಯ ಹಳೆ ಕ್ಯಾಲೆಂಡರುಗಳಲ್ಲಿ ಗುರುತು ಹಾಕಿಟ್ಟಿದ್ದರು. ಹಾಗೆ ಗುರುತು ಹಾಕುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಇಬ್ಬರೂ ನೆಲದ ಮೇಲೆ ಕ್ಯಾಲೆಂಡರು ಹರಡಿಕೊಂಡು ಎಣಿಸಿದೆವು. ನಾನು ಪಾಸ್‌ಪೋರ್ಟಿನ ಮುದ್ರೆ ನೋಡಿ ಎಣಿಸಿದೆ, ಅವರು ಬೆರಳ ಗೆಣ್ಣು ಮುಟ್ಟಿ ಎಣಿಸಿದರು. ಕಾಯಂ ವಾಸಿಯಾದ ಮೇಲೆ ನಾನು ಅಲ್ಲಿದ್ದದ್ದು ಸಾವಿರದ ನೂರ ನಲವತ್ತು ದಿನ.

"ನಲ್ವತ್ತು ಬೆಳೆ, ಮೇಲೆ ಇಪ್ಪತ್ತು ದಿನ," ಎಂದರು ಅಪ್ಪ. "ಇಪ್ಪತ್ತಾರು ಕೇಳ್ದವ್ರಿಗೆ ನಲ್ವತ್ತು ಕೊಟ್ಟಿದ್ದೀಯೆ. ಅವ್ರು ಇಲ್ಲ ಅನ್ನಾಕ್ಕಾಯ್ತದಾ?"

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕನಕಪುರಕ್ಕೆ ಹೋದೆವು. ಮೊದಲು ಫೋಟೋ. ಅಳತೆ ಇಷ್ಟೇ ಇರಬೇಕು, ಹಿಂದೆ ಸ್ಟುಡಿಯೋದ ಮೊಹರು, ತಾರೀಖು ಇರಬೇಕು, ನಗಬಾರದು ಎಂದು ಸ್ಟುಡಿಯೋದವನಿಗೆ ವಿವರಿಸಿದೆ.

"ನಗಬಾರ್ದಾ? ಒಸಿನೂ?" ಎಂದ ಅವನು. "ಇಂಗೆ ಮಖ ಊದುಸ್ಕೊಂಡಿರೋ ಫೋಟೋ ತೆಗುದ್ರೆ ಜನ ನನ್ನ ಅಂಗ್ಡಿಗೇ ಬರಲ್ಲ ಕಣಕ್ಕ." ಆದರೂ ನಾಲ್ಕು ಸಲ ತೆಗೆದ. ಸ್ಕೇಲು ಹಿಡಿದು ಗಲ್ಲದಿಂದ ನೆತ್ತಿಯವರೆಗೆ ತಾನೇ ಅಳೆದ.

ಅಲ್ಲಿಂದ ಕೋರ್ಟಿನ ಪಕ್ಕ ಅರ್ಜಿ, ಅಫಿಡವಿಟ್ ಟೈಪ್ ಮಾಡುವವರ ಬಳಿ ಹೋದೆವು. ಅವರು ಕನ್ನಡಕ ಮೇಲೆತ್ತಿಕೊಂಡು ನಮ್ಮ ಕಥೆ ಪೂರ್ತಿ ಕೇಳಿದರು. ಕೇಳಿ, ದನಿ ತಗ್ಗಿಸಿ, "ನೋಡಮ್ಮ, ಬಸ್ ಸ್ಟ್ಯಾಂಡಲ್ಲಿ ಪರ್ಸ್ ಕಳ್ತನ ಆಯ್ತು ಅಂತ ಬರುಸ್ಬುಡಿ. ಎಲ್ರೂ ಅಂಗೇ ಬರ್ಸೋದು. ಹುಳ, ತಟ್ಟೆ, ಬೆಂಕಿ ಅಂದ್ರೆ ಆ ಆಫೀಸರಿಗೆ ಏನ್ ತಿಳೀತದೆ? ಸುಳ್ಳು ಅನ್ಕತಾರೆ" ಎಂದರು.

ನಾನು ಒಂದು ಕ್ಷಣ ತೂಗಿದೆ. ತೂಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ತರಬೇತಿ ಶುರುವಾಗುವ ಸೋಮವಾರದ ಏಳು ಗಂಟೆ ಕಣ್ಣ ಮುಂದೆ ಇತ್ತು. ಅಷ್ಟರಲ್ಲಿ ಅಪ್ಪ ಬೆಂಚಿನಿಂದ ಎದ್ದು ನಿಂತರು.

"ಯಾರೂ ಕದ್ದಿಲ್ಲ ಸ್ವಾಮಿ. ನಾನು ಸುಟ್ಟೆ. ಅಂಗೇ ಬರೀರಿ."

"ನೀವು ಸುಟ್ರಿ ಅಂದ್ರೆ ಯಾಕ್ ಸುಟ್ರಿ ಅಂತಾರೆ ಯಜಮಾನ್ರೆ."

"ಯಾಕ್ ಸುಟ್ಟೆ ಅಂತ್ಲೂ ಬರೀರಿ. ಅವ್ರಿಗೆ ಅನ್ಮಾನ ಬಂದ್ರೆ ನನ್ನ ಕರೀಲಿ, ಬತ್ತೀನಿ. ಬಂದು ಏಳ್ತೀನಿ."

ಹಾಗೆ ನಮ್ಮಪ್ಪ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, ರೇಷ್ಮೆ ಸಾಕುವುದು ಹೇಗೆ ಎಂದು ಮೊಟ್ಟೆಯಿಂದ ಶುರು ಮಾಡಿದರು. ಹುಳಮನೆಯೊಳಗೆ ಯಾರನ್ನೂ ಯಾಕೆ ಬಿಡುವುದಿಲ್ಲ, ಅದಕ್ಕೇ ಹೆಂಡತಿ ಅದನ್ನು ಅಲ್ಲಿ ಯಾಕಿಟ್ಟಳು, ಪೇಪರು ಯಾಕೆ ಸುಡಬೇಕು, ಬಿಚ್ಚಿ ಯಾಕೆ ನೋಡಬಾರದು. ನಾನು ಇಂಗ್ಲಿಷಿಗೆ ತಿರುಗಿಸಿದೆ, ಅವರು ಟೈಪ್ ಮಾಡಿದರು. ನಡುವೆ ಒಮ್ಮೆ ನಿಲ್ಲಿಸಿ, "ಹುಳ ಮಲಗೋ ಹಾಸಿಗೆಗೆ ಏನಂತ ಹೊಡೀಲಿ?" ಎಂದರು.

"ಬೆಡ್ ಅಂತಲೇ ಹೊಡೀರಿ."

"ಹುಳಕ್ಕೂ ಬೆಡ್ಡು! ನಾನಿನ್ನೂ ಚಾಪೇಲಿ ಮಲಗ್ತೀನಿ" ಎಂದು ನಕ್ಕರು. ಕೊನೆಗೆ ಓದಿ ನೋಡಿ, "ಇಪ್ಪತ್ತು ವರ್ಷದಿಂದ ಟೈಪ್ ಮಾಡ್ತಾ ಇದೀನಿ. ಪೂರ್ತಿ ನಿಜ ಇರೋ ಕಾಗ್ದ ಅಪ್ರೂಪ" ಎಂದರು.

ನೋಟರಿಯ ಮುಂದೆ ಅಪ್ಪ ಸಹಿ ಹಾಕಿದರು. ಒಂದೊಂದು ಅಕ್ಷರಕ್ಕೂ ಪೆನ್ನು ಎತ್ತಿ, ಉಸಿರು ಬಿಟ್ಟು, ಮತ್ತೆ ಇಳಿಸಿ. ಕರಗಿದ ತುಂಡಿನ ಫೋಟೋವನ್ನೂ ಜೊತೆಗಿಟ್ಟೆವು. ಕೆನಡಾದಲ್ಲಿ ನನ್ನ ಜೊತೆ ರೂಮಿನಲ್ಲಿದ್ದ ಪಂಜಾಬಿ ಹುಡುಗಿ ನನ್ನ ಡ್ಯೂಟಿಯ ಸಂಬಳ ಚೀಟಿ, ತೆರಿಗೆ ಕಾಗದ, ಮನೆ ಬಾಡಿಗೆ ಕರಾರು, ಎಲ್ಲವನ್ನೂ ತನ್ನ ರಜೆಯ ದಿನ ಕೂತು ಹುಡುಕಿ ಸ್ಕ್ಯಾನ್ ಮಾಡಿ ಕಳಿಸಿದಳು. ಕಾಲೇಜಿನವರು ಕೇಳಿದ ದಿನವೇ ಕಾಗದ ಕೊಟ್ಟರು. ಸಂಜೆ ಬಸ್ ಸ್ಟ್ಯಾಂಡ್ ಪಕ್ಕದ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ಕಳಿಸಿದೆವು. ನೆಟ್‌ವರ್ಕ್ ಎರಡು ಸಲ ಹೋಯಿತು. ಮೂರನೇ ಸಲಕ್ಕೆ ಅರ್ಜಿ ಹೋದಾಗ ಅಪ್ಪ ಕಂಪ್ಯೂಟರಿಗೆ ಕೈ ಮುಗಿದರು.

ಆಮೇಲೆ ಕಾಯುವುದು. ಹೊಸ ಬೆಳೆಯ ಚಾಕಿ ಹುಳ, ಅಂದರೆ ಇನ್ನೂ ಎಳೆಯ ಹುಳ, ಮನೆಗೆ ಬಂತು. ಅಪ್ಪ ಹಿಪ್ಪುನೇರಳೆ ಸೊಪ್ಪು ಸಣ್ಣಗೆ ಹೆಚ್ಚುತ್ತಾ ನನ್ನ ಫೋನಿನ ಕಡೆಯೇ ನೋಡುವರು. ಅವ್ವ ನನ್ನ ಎದುರು ಬರುವುದನ್ನೇ ಬಿಟ್ಟಿದ್ದಳು. ಊಟಕ್ಕೆ ಬಡಿಸಿ ಒಳಗೆ ಹೋಗಿಬಿಡುತ್ತಿದ್ದಳು. ಒಂದು ದಿನ ಕೈ ಹಿಡಿದು ಕೂರಿಸಿಕೊಂಡು, "ಕೊಟ್ಟವ್ಳು ನಾನಲ್ವೇನವ್ವ" ಎಂದೆ. "ಕೊಟ್ಟಿದ್ದು ನೀನೇ, ಕಳ್ದಿದ್ದು ನಾನೇ" ಎಂದಳು. ದೊಡ್ಡಪ್ಪ ದಿನಾ ಒಂದು ಸಲ ಬಂದು, "ಬಂತಾ?" ಎಂದು ಕೇಳಿ, ಇಲ್ಲವೆಂದರೆ ತಲೆಯಾಡಿಸಿ ಹೋಗುವರು. ಗೆದ್ದ ಹಾಗೆ ತಲೆಯಾಡಿಸುತ್ತಾರೆ ಎಂದುಕೊಂಡಿದ್ದೆ.

ಎಂಟನೇ ದಿನ ಇಮೇಲ್ ಬಂತು. ಬೆಂಗಳೂರಿನ ಕಚೇರಿಗೆ ಪಾಸ್‌ಪೋರ್ಟ್ ತಂದು ಕೊಡಿ, ಅಷ್ಟೇ ಇತ್ತು ಅದರಲ್ಲಿ. ಹೌದು ಎಂದೂ ಇಲ್ಲ, ಅಲ್ಲ ಎಂದೂ ಇಲ್ಲ. ಮಂಗಳವಾರ ಬೆಳಿಗ್ಗೆ ಬೆಂಗಳೂರಿನ ಬಸ್ಸು ನಮ್ಮೂರ ಗೇಟಿಗೆ ಬಾರದೆ ಹೋಯಿತು. ದಾರಿಯಲ್ಲಿ ನಿಂತು ಹೋಗುವ ಗಾಡಿಗೆಲ್ಲ ಕೈ ಅಡ್ಡ ಹಿಡಿದೆ. ಆಗ ಹಿಂದಿನಿಂದ ಮೊಪೆಡ್ ಶಬ್ದ.

"ಗಾಡಿ ಅತ್ತಮ್ಮಿ," ಎಂದರು ದೊಡ್ಡಪ್ಪ. "ಕನಕಪುರಕ್ಕೆ ಬುಡ್ತೀನಿ, ಅಲ್ಲಿಂದ ಬೇಕಾದಷ್ಟು ಬಸ್ ಐತೆ. ಕೊಡಾಕಿಲ್ಲ ಅವ್ರು, ಆದ್ರೂ ಓಗಿ ಬಾ."

ಕೊಡಾಕಿಲ್ಲ ಎನ್ನುತ್ತಲೇ ಅವರು ಆ ಮೊಪೆಡ್ಡನ್ನು ಓಡಿಸಿದ ಜೋರು ನಾನು ಇನ್ನೆಂದೂ ನೋಡಿಲ್ಲ.

ಬುಧವಾರ ಮಧ್ಯಾಹ್ನ ಪಾಸ್‌ಪೋರ್ಟ್ ವಾಪಸ್ ಕೈಗೆ ಬಂತು. ಲಕೋಟೆ ಬಿಚ್ಚಲು ಧೈರ್ಯ ಬರಲಿಲ್ಲ. ಕೊನೆಗೆ ಫುಟ್‌ಪಾತಿನಲ್ಲಿ ನಿಂತು ಬಿಚ್ಚಿ, ಒಂದೊಂದೇ ಪುಟ ತಿರುವಿದೆ. ನಡುವೆ ಒಂದು ಪುಟದ ತುಂಬ ಹೊಸ ಕಾಗದ ಅಂಟಿಸಿತ್ತು. ಅದರಲ್ಲಿ ಕನಕಪುರದ ಸ್ಟುಡಿಯೋದಲ್ಲಿ ತೆಗೆದ ನನ್ನ ನಗದ ಮುಖವೂ ಇತ್ತು. ಎಲ್ಲರಿಗೂ ಇಷ್ಟು ಬೇಗ ಸಿಗುವುದಿಲ್ಲ ಎಂದು ಆಮೇಲೆ ಬೇರೆಯವರಿಂದ ತಿಳಿಯಿತು. ಆ ಕಚೇರಿಯಲ್ಲಿ ಯಾರೋ ಒಬ್ಬರು, ಗಂಡಸೋ ಹೆಂಗಸೋ ಗೊತ್ತಿಲ್ಲ, ಹುಳಮನೆ ಎಂದರೆ ಏನೆಂದು ಎಂದೂ ಕಾಣದವರು, ನಮ್ಮಪ್ಪ ಹೇಳಿದ್ದನ್ನು ಕೂತು ಓದಿ, ನಂಬಿದರು. ಅವರಿಗೆ ಥ್ಯಾಂಕ್ಸ್ ಹೇಳಲು ನನಗೆ ವಿಳಾಸವಿಲ್ಲ. ಇಲ್ಲಿ ಬರೆದಿದ್ದೇನೆ.

ಗುರುವಾರ ವಿಮಾನದ ಕೌಂಟರಿನಲ್ಲಿದ್ದ ಹುಡುಗಿ ಕಾರ್ಡು ಕೇಳಿದಳು. ಆ ಪುಟ ತೆರೆದು ತೋರಿಸಿದೆ. ಬೆರಳಿಟ್ಟು ಓದಿದಳು, ಯಾರಿಗೋ ಫೋನ್ ಮಾಡಿದಳು, ಮತ್ತೊಮ್ಮೆ ಓದಿದಳು. ಆಮೇಲೆ, "ಕಿಟಕಿ ಪಕ್ಕ ಬೇಕಾ ಮೇಡಂ?" ಎಂದಳು. ಸೋಮವಾರ ಆರೂವರೆಗೇ ನಾನು ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ.

ಹನ್ನೆರಡು ವಾರ ಮುಗಿಯಿತು. ಡಿಗ್ರಿ ಬಂತು. ಅದನ್ನು ಅಂಚೆಯಲ್ಲಿ ಕಳಿಸಲು ಮನಸ್ಸಾಗದೆ, ಮುಂದಿನ ರಜೆಗೆ ನಾನೇ ಹೊತ್ತು ತಂದೆ. ಮನೆ ತಲುಪಿದಾಗ ಬೆಳಗಿನ ಹತ್ತು ಗಂಟೆ. ಅಪ್ಪ ತೋಟದಿಂದ ಸೊಪ್ಪಿನ ಹೊರೆ ಇಳಿಸುತ್ತಿದ್ದರು. ಅವ್ವ ಎರಡೂ ಕಣ್ಣರಳಿಸಿ ನಿಂತಿದ್ದಳು. ದೊಡ್ಡಪ್ಪನೂ ಬಂದರು, ಬಂದು, ಎಲೆ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿಯೇ ಹತ್ತಿರ ಕೂತರು.

ನಾನು ಸರ್ಟಿಫಿಕೇಟನ್ನು ಅಪ್ಪನ ಕೈಗೆ ಕೊಟ್ಟೆ. ಎರಡೂ ಅಂಗೈ ಚಾಚಿ ತೆಗೆದುಕೊಂಡರು. ಇಂಗ್ಲಿಷ್ ಅವರಿಗೆ ಬಾರದು. ತಲೆಕೆಳಗಾಗಿ ಹಿಡಿದಿದ್ದೇನೋ ಎಂಬ ಅನುಮಾನದಲ್ಲಿ ಒಮ್ಮೆ ನನ್ನ ಮುಖ ನೋಡಿ, "ನಿನ್ನ ಹೆಸ್ರು ಎಲ್ಲೈತೆ?" ಎಂದರು.

ಬೆರಳಿಟ್ಟು ತೋರಿಸಿದೆ.

"ಇನ್ನೂ ಒಂದು ಪದ ಐತಲ್ಲ ಪಕ್ಕದಲ್ಲಿ. ಅದೇನು?"

ನಮ್ಮ ಕಡೆಯವರಿಗೆ ಮನೆತನದ ಹೆಸರೆಂಬುದು ಇರುವುದಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಆ ಜಾಗಕ್ಕೆ ಅಪ್ಪನ ಹೆಸರು ಬರೆಸಿದ್ದೆ. ಅಲ್ಲಿ ಕಾಲೇಜಿನಲ್ಲಿ, ವಾರ್ಡಿನಲ್ಲಿ, ಇಷ್ಟು ವರ್ಷವೂ ನನ್ನನ್ನು ಕರೆದದ್ದು ಆ ಹೆಸರಿನಿಂದಲೇ.

"ಅದು ನಿಮ್ಮೆಸ್ರು ಅಪ್ಪ," ಎಂದೆ.

ದೊಡ್ಡಪ್ಪ ಬಗ್ಗಿ ನೋಡಿದರು. ಅಪ್ಪ ಆ ಪದದ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ, ಸೊಪ್ಪಿನ ಹಸಿರು ಹತ್ತಿದ ಬೆರಳಾಡಿಸಿದರು.

"ಮೂರ್ನೇ ಕ್ಲಾಸ್ಗೆ ಸ್ಕೂಲ್ ಬುಟ್ಟೋನು ಕಣವ್ವ ನಾನು," ಎಂದರು. "ಅಷ್ಟು ದೂರ ಕರ್ಕೊಂಡೋಗಿ ನನ್ನೂ ಪಾಸ್ ಮಾಡ್ಸ್‌ಬುಟ್ಯಲ್ಲ."